ಮಾಮಿಗೆ ತೋರಿಸಿದ ಊರುಗಳು

ಜಿದ್ದಾದಲ್ಲಿ ನೋಡುವಂಥದ್ದು ಏನಿದೆ ಎಂದು ನನ್ನ ಗಂಡನನ್ನು ಕೇಳಿದರೆ ಒಂದೇ ಉಸಿರಿನಲ್ಲಿ ಮಾಲ್‌ಗಳ ಹೆಸರು ಹೇಳುತ್ತಿದ್ದರು. ಬಂದರಿನ ಹತ್ತಿರ ಸರಕು ಸಾಗಣೆಯ ಆಫೀಸೊಂದರಲ್ಲಿ ಅವರಿಗೆ ಕೆಲಸ. ವಾರವಿಡೀ ಕಂಟೇನರುಗಳ ನಡುವೆ ಬೆವರು ಸುರಿಸಿದವರಿಗೆ ತಂಪು ಗಾಳಿ ಬೀಸುವ ಮಾಲೇ ಸ್ವರ್ಗ. ನನಗೆ ಅದು ಎಸಿ ಹಾಕಿದ ಸಂತೆ, ಅಷ್ಟೆ. ನನಗೆ ಹಳೇ ಗೋಡೆ ಬೇಕು, ಸವೆದ ಮೆಟ್ಟಿಲು ಬೇಕು, ಜನ ಬಿಟ್ಟುಹೋದ ಓಣಿ ಬೇಕು. ಆಗಿನ್ನೂ ಅಲ್ಲಿ ಹೆಂಗಸರು ಸ್ಟೇರಿಂಗ್ ಮುಟ್ಟುವ ಹಾಗಿರಲಿಲ್ಲ. ಹಾಗಾಗಿ ಕಾರು ಅವರ ಕೈಯಲ್ಲಿ, ನಾಲಿಗೆ ನನ್ನ ಬಾಯಲ್ಲಿ. ವಾರದ ರಜೆ ಗುರುವಾರ-ಶುಕ್ರವಾರ ಇದ್ದದ್ದು ಶುಕ್ರವಾರ-ಶನಿವಾರಕ್ಕೆ ಬದಲಾಗಿ ಒಂದೆರಡು ವರ್ಷವಾಗಿತ್ತು. ನಮ್ಮ ಜಗಳವೂ ತಪ್ಪದೆ ಒಂದು ದಿನ ಮುಂದಕ್ಕೆ ಹೋಗಿತ್ತು.

ಆ ವರ್ಷ ನನ್ನ ಅತ್ತೆ ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದರು. ನಾನು ಅವರನ್ನು ಮಾಮಿ ಎನ್ನುತ್ತೇನೆ, ಗಂಡ ಉಮ್ಮ ಎನ್ನುತ್ತಾರೆ. ಬಂಟ್ವಾಳದ ಹತ್ತಿರ ಮಗಳು, ಅಳಿಯ, ಮೊಮ್ಮಕ್ಕಳ ಗದ್ದಲದ ಮನೆಯಲ್ಲಿ ಇದ್ದವರು. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ, ಅದನ್ನಿಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಂದವರೇ ಮೆಕ್ಕಾಕ್ಕೆ ಹೋಗಿ ಉಮ್ರಾ ಮುಗಿಸಿದರು, ಆಗಷ್ಟೇ ನಡೆಯಲು ಕಲಿಯುತ್ತಿದ್ದ ನನ್ನ ಮಗಳನ್ನು ಸೊಂಟಕ್ಕೇರಿಸಿಕೊಂಡರು. ಮತ್ತೆ ಅವಳು ನನ್ನ ಕೈಗೆ ಸಿಕ್ಕಿದ್ದು ಹಾಲು ಕುಡಿಯಲಿಕ್ಕೆ ಮಾತ್ರ. ನನಗೇನು, ಪರಮ ಸುಖ.

ಆ ಸುಖದ ನಡುವೆಯೇ ನನಗೊಂದು ಕೆಲಸ ಒದಗಿ ಬಂತು. ನಮ್ಮ ಬಡಾವಣೆಯ ಹತ್ತಿರದ ಇಂಡಿಯನ್ ಸ್ಕೂಲೊಂದರಲ್ಲಿ ಚಿಕ್ಕ ತರಗತಿಗೆ ಗಣಿತ ಹೇಳಿಕೊಡುವುದು. ಬಿ.ಎಡ್. ಮುಗಿಸಿ, ಮದುವೆಯಾಗಿ, ವಿಮಾನ ಹತ್ತಿದ ಮೇಲೆ ನಾನು ಮಗ್ಗಿ ಹೇಳಿದ್ದು ಅಡುಗೆ ಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುವಾಗ ಮಾತ್ರ. ಈ ಕೆಲಸ ನನಗೆ ಎಷ್ಟು ಬೇಕಿತ್ತೆಂದರೆ, ಕೇಳಿದ ದಿನ ರಾತ್ರಿಯ ಊಟವೇ ಸೇರಲಿಲ್ಲ. ಆದರೆ ಮಗುವನ್ನು ಯಾರ ಕೈಯಲ್ಲಿ ಬಿಡುವುದು? ಮಾಮಿ ವೀಸಾ ಮುಂದುವರಿಸಿಕೊಂಡು ಇನ್ನೊಂದಿಷ್ಟು ತಿಂಗಳು ಇದ್ದರೆ, ಅಷ್ಟರಲ್ಲಿ ಮಗು ಪ್ಲೇಸ್ಕೂಲಿಗೆ ಹೋಗುವಷ್ಟಾಗುತ್ತಿತ್ತು. ಅವರು ಹೊರಟರೆ ನನ್ನ ಕೆಲಸವೂ ಹೊರಟಿತು.

"ಹಾಗಾದ್ರೆ ಕೇಳಿ ನೋಡಿ ಉಮ್ಮನತ್ರ" ಎಂದು ಗಂಡನಿಗೆ ಹೇಳಿದೆ.

"ಎಂತ ಕೇಳುವುದು ಮಾರಾಯ್ತಿ? ರೆಸ್ಟ್ ಮಾಡ್ಲಿ ಅಂತ ಕರೆಸಿ, ಮಗು ನೋಡಿಕೊಳ್ಳಿ ಅಂತ ಹೇಳುವುದಾ? ಮಗ ಉಮ್ಮನನ್ನು ಆಯಾ ಮಾಡಿದ ಅಂತ ಊರಿಡೀ ಹೇಳ್ತಾರೆ. ಅವರಾಗಿಯೇ ಇರ್ತೇನೆ ಅಂತ ಹೇಳಬೇಕು, ಅದೇ ಚಂದ."

ಮಾತು ಸರಿ ಎನ್ನಿಸಿತು. ಅವರಾಗಿಯೇ ಹೇಳಬೇಕಾದರೆ ಅವರಿಗೆ ಇಲ್ಲಿ ಖುಷಿಯಾಗಬೇಕು. ಖುಷಿಯಾಗಬೇಕಾದರೆ ಊರು ತೋರಿಸಬೇಕು. ಹೀಗೆ ನನ್ನ ಹಳೇ ಗೋಡೆಗಳಿಗೆ ಅದೃಷ್ಟ ಖುಲಾಯಿಸಿತು. ಗಂಡ ಮಾಲಿನ ಹೆಸರೆತ್ತದೆ ಕಾರಿನ ಕೀ ತೆಗೆದುಕೊಂಡರು.

ಮೊದಲು ಹೋದದ್ದು ಜಿದ್ದಾದ ಹಳೇ ಪೇಟೆಗೆ. ಹವಳದ ಕಲ್ಲಿನ ಎತ್ತರದ ಮನೆಗಳು, ಬೀದಿಯ ಮೇಲಕ್ಕೆ ಚಾಚಿಕೊಂಡ ಮರದ ಕೆತ್ತನೆಯ ಕಿಟಕಿಗಳು. ಕೆಲವು ಮನೆಗಳು ಒಂದಕ್ಕೊಂದು ಒರಗಿಕೊಂಡೇ ನಿಂತಿದ್ದವು. ನಾನು ಕತ್ತೆತ್ತಿ ಬಾಯಿ ಬಿಟ್ಟು ನೋಡುತ್ತಿದ್ದರೆ ಮಾಮಿ ಮೂಗೇರಿಸಿ ಗಾಳಿ ಎಳೆದುಕೊಂಡರು. "ಏಲಕ್ಕಿ, ಒಣಮೀನು, ಗೋಣಿಚೀಲ. ಇದು ನಮ್ಮ ಮಂಗಳೂರಿನ ಬಂದರೇ ಅಲ್ವಾ? ಇದನ್ನು ನೋಡಲಿಕ್ಕೆ ವಿಮಾನ ಹತ್ತಬೇಕಿತ್ತಾ?" ಅಷ್ಟರಲ್ಲಿ ಬಟ್ಟೆ ಅಂಗಡಿಯಿಂದ ಭಟ್ಕಳದವರೊಬ್ಬರು ನಮ್ಮ ಮಾತು ಕೇಳಿ ಹೊರಗೆ ಬಂದರು. ಊರು ಯಾವುದು, ಯಾರ ಮನೆ ಎಂದು ವಿಚಾರಿಸಿ ಕುರ್ಚಿ ಹಾಕಿ ಚಾ ತರಿಸಿದರು. ಮಾಮಿ ಅರ್ಧ ಗಂಟೆ ಅಲ್ಲೇ ಕೂತು ಮೀನಿನ ರೇಟು, ಮಳೆ, ಮದುವೆ ಎಲ್ಲ ಮಾತಾಡಿದರು. ಐತಿಹಾಸಿಕ ಪೇಟೆಯಲ್ಲಿ ಅವರು ನೋಡಿದ್ದು ಆ ಅಂಗಡಿ ಒಂದೇ.

ಮುಂದಿನ ವಾರ ತಾಯಿಫ್. ಹಾವು ಸುತ್ತಿದ ಹಾಗೆ ಮೇಲಕ್ಕೇರುವ ಘಾಟಿ, ತುದಿಯಲ್ಲಿ ತಂಪು ಗಾಳಿ, ರಸ್ತೆ ಬದಿಯಲ್ಲಿ ಸಾಲಾಗಿ ಕೂತ ಕೆಂಪು ಮುಖದ ದೊಡ್ಡ ಮಂಗಗಳು. ಮಾಮಿ ಬೆಳಿಗ್ಗೆ ಎದ್ದು ಕರಿದ ಬನ್ಸಿನ ಇಡೀ ಚೀಲವನ್ನು ಒಂದು ಮಂಗ ನನ್ನ ಕೈಯಿಂದಲೇ ಕಿತ್ತುಕೊಂಡು ಹೋಯಿತು. ನಾನು ಕಿರುಚಿದೆ, ಗಂಡ ಕಾರಿನೊಳಗೆ ಸೇರಿಕೊಂಡು ಗಾಜು ಏರಿಸಿದರು. ಮಾಮಿ ಮಾತ್ರ ಅದು ತಿನ್ನುವುದನ್ನೇ ನೋಡುತ್ತಾ, "ಇಡೀ ಮನೆಯಲ್ಲಿ ನನ್ನ ಬನ್ಸಿಗೆ ಇಷ್ಟು ಆಸೆ ಪಟ್ಟದ್ದು ಇದೊಂದೇ" ಎಂದರು. ಆಮೇಲೆ ಅಲ್ಲೇ ಹತ್ತಿರದ ಶಫಾ ಎಂಬಲ್ಲಿನ ಗುಡ್ಡಗಳ ನಡುವೆ ಮಾಡು ಕುಸಿದ ಹಳೇ ಕಲ್ಲಿನ ಹಳ್ಳಿಯೊಂದಕ್ಕೆ ಹೋದೆವು. ಕಾವಲಿನ ಗೋಪುರ ಒಂದು ಹಾಗೇ ನಿಂತಿತ್ತು. ನಾನು ಅದರೊಳಗೆ ನುಗ್ಗಿ ಫೋಟೋ ತೆಗೆದುಕೊಂಡು ಬಂದಾಗ ಮಾಮಿ ಒಂದು ಬಂಡೆಯ ಮೇಲೆ ಕೂತು ಮಗುವಿಗೆ ಹಾಡು ಹೇಳುತ್ತಿದ್ದರು.

ಪ್ರತಿ ಸಲ ಮನೆಗೆ ಬಂದು ಚಪ್ಪಲಿ ಬಿಡುವಾಗ ಅವರು ಹೇಳುವ ಮಾತು ಒಂದೇ. "ಚಂದ ಉಂಟು. ಎಲ್ಲ ಕಂಡಾಯ್ತು. ನಾನಿನ್ನು ಹೊರಡ್ತೇನೆ ಮಗಳೇ."

ಕೈಗೆ ಬಂದ ಕೆಲಸ ಜಾರಿಹೋಗುತ್ತಿದೆ ಎನ್ನಿಸುತ್ತಿತ್ತು. ಆದರೂ ಮುಖದಲ್ಲಿ ಮರ್ಯಾದೆ ತಂದುಕೊಂಡು, "ನಿಮ್ಮ ಇಷ್ಟ ಮಾಮಿ" ಎನ್ನುತ್ತಿದ್ದೆ. ಮಗನೂ ಅದನ್ನೇ ಹೇಳುತ್ತಿದ್ದರು. "ನಿಮ್ಮ ಇಷ್ಟ ಉಮ್ಮ. ಟಿಕೆಟ್ ಯಾವಾಗ ಬೇಕಾದ್ರೂ ಸಿಗ್ತದೆ." ಮಾಮಿ ಹೂಂ ಎಂದು ಒಳಗೆ ಹೋಗುತ್ತಿದ್ದರು. ದೊಡ್ಡವರ ಇಷ್ಟಕ್ಕೆ ಅಡ್ಡ ಬಾರದ ನಮ್ಮ ಸಂಸ್ಕಾರ ನೋಡಿ ನನಗೇ ಹೆಮ್ಮೆಯಾಗುತ್ತಿತ್ತು.

ವೀಸಾ ಮುಗಿಯಲು ಒಂದು ವಾರ ಉಳಿದಾಗ ನಾನು ಕೊನೆಯ ಅಸ್ತ್ರ ಬಿಟ್ಟೆ. ಬಾಹಾ ಕಡೆಯ ಬೆಟ್ಟಗಳ ಬುಡದಲ್ಲಿ ಧೀ ಐನ್ ಎಂಬ ಹಳೇ ಊರಿದೆ. ಬಿಳಿ ಅಮೃತಶಿಲೆಯ ಗುಡ್ಡ, ಅದರ ಮೇಲೆ ಒಂದರ ಹೆಗಲ ಮೇಲೊಂದು ಹತ್ತಿ ಕೂತ ಕಲ್ಲಿನ ಮನೆಗಳು, ಕೆಳಗೆ ಎಂದೂ ಬತ್ತದ ನೀರಿನ ಊಟೆ. ಅಲ್ಲಿ ಬಾಳೆ ಬೆಳೆಯುತ್ತಾರೆ ಎಂದು ಯಾರೋ ಹೇಳಿದ್ದರು. ಮರುಭೂಮಿಯಲ್ಲಿ ಬಾಳೆ ಕಂಡರೆ ಮಾಮಿ ಕರಗದೇ ಇರುತ್ತಾರೆಯೇ?

ಶನಿವಾರ ಬೆಳಗಿನ ನಮಾಜು ಮುಗಿಸಿಯೇ ಹೊರಟೆವು. ಸಮುದ್ರದ ಬದಿಯಲ್ಲೇ ದಕ್ಷಿಣಕ್ಕೆ ಓಡಿ, ಲೀತ್ ಎಂಬ ಊರು ದಾಟಿ, ಮತ್ತೆ ಎಡಕ್ಕೆ ಬೆಟ್ಟದ ಕಡೆ. ಬುಟ್ಟಿಯಲ್ಲಿ ಹಾಟ್‌ಬಾಕ್ಸಿಗೆ ತುಂಬಿದ ತುಪ್ಪದ ಅನ್ನ, ಕೋಳಿ ಸಾರು, ಹುರಿದ ಬಂಗುಡೆ. ದೂರದಿಂದ ಆ ಊರು ಕಂಡಾಗ ನಾನು ಸೀಟಿನಿಂದ ಅರ್ಧ ಎದ್ದೆ. "ದೂರದ ಬೆಟ್ಟ ನುಣ್ಣಗೆ. ಹತ್ತಿರ ಹೋದ ಮೇಲೆ ಕುಣಿ" ಎಂದರು ಮಾಮಿ. ಹತ್ತಿರ ಹೋದಾಗ ಎಲ್ಲರಿಗಿಂತ ಮೊದಲು ಕಾರಿನಿಂದ ಇಳಿದದ್ದು ಅವರೇ. ಊರಿನೊಳಗೆ ಜನ ಇಲ್ಲ, ಎಲ್ಲರೂ ಹತ್ತಿರದಲ್ಲೇ ಹೊಸ ಮನೆ ಕಟ್ಟಿಕೊಂಡಿದ್ದಾರೆ. ಆದರೆ ಕೆಳಗಿನ ತೋಟದಲ್ಲಿ ಕಣಿಗಳಲ್ಲಿ ನೀರು ಜುಳುಜುಳು ಹರಿಯುತ್ತಿತ್ತು. ಹಸಿರು ಬಾಳೆ ಗಿಡಗಳು ಗೊನೆ ಬಿಟ್ಟು ಬಾಗಿದ್ದವು. ಕಣಿಯ ಬದಿಯಿಂದ ಪರಿಮಳವೊಂದು ಬಂತು. ಮಾಮಿ ಮುಳ್ಳಿನ ಎಲೆಗಳ ಪೊದೆಯೊಂದರ ಮುಂದೆ ನಿಂತು, "ಅಲ್ಲಾ, ಕೇದಗೆ!" ಎಂದು ಕೂಗಿದರು.

ನಾನೂ ಗಂಡನೂ ಮೆಟ್ಟಿಲು ಹತ್ತಿ ಮೇಲಿನ ಮನೆಗಳನ್ನು ನೋಡಿ ಬಂದೆವು. ದಪ್ಪ ಕಲ್ಲಿನ ಗೋಡೆ, ತಲೆ ಬಗ್ಗಿಸಿ ದಾಟುವ ಬಾಗಿಲು, ಮರದ ತೊಲೆಗಳ ಮಾಡು. ಪುಟ್ಟ ಕಿಟಕಿಯಿಂದ ಕೆಳಗೆ ನೋಡಿದರೆ ಇಡೀ ಕಣಿವೆ ಕಾಣುತ್ತಿತ್ತು. ಆ ಕಿಟಕಿಯಿಂದಲೇ ನನಗೆ ಮಾಮಿಯೂ ಕಂಡರು. ಹಣ್ಣು ಕುಯ್ಯುವ ಚೂರಿ ಹಿಡಿದು ಬಾಳೆಯ ತುದಿಯ ಕೊಡಿ ಎಲೆಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದರು.

ಗಂಡ ಮೆಟ್ಟಿಲನ್ನು ಉರುಳಿದ ಹಾಗೆ ಇಳಿದರು. "ಉಮ್ಮ! ಇದು ಯಾರದ್ದೋ ತೋಟ! ಕಂಪ್ಲೇಂಟ್ ಕೊಟ್ಟರೆ ನನ್ನ ಇಕಾಮಾ ಹೋಗ್ತದೆ, ಮತ್ತೆ ಈ ದೇಶದಲ್ಲಿ ಇರ್ಲಿಕ್ಕೇ ಬಿಡುವುದಿಲ್ಲ!"

"ಬಾಳೆ ಎಲೆಗೆ ಯಾರಾದ್ರೂ ಕೇಳ್ತಾರಾ ಮಗಾ? ಗೊನೆ ಮುಟ್ಟಿದ್ರೆ ಕಳ್ಳತನ. ಎಲೆ ಅಂದ್ರೆ ಊಟಕ್ಕೆ." ಕಣಿಯ ನೀರಿನಲ್ಲಿ ಎಲೆ ತೊಳೆದು, ಕೊಡಿಯನ್ನು ಎಡಕ್ಕೆ ಮಾಡಿ ಚಾಪೆಯ ಮುಂದೆ ಹಾಸಿ ಆಗಿತ್ತು. ನಾನು ತಂದಿದ್ದ ಕಾಗದದ ತಟ್ಟೆಗಳನ್ನು ಮಾಮಿ ಮಗುವಿಗೆ ಆಟಕ್ಕೆ ಕೊಟ್ಟಿದ್ದರು. ಕತ್ತರಿಸಿದ ಎಲೆ ಮತ್ತೆ ಗಿಡಕ್ಕೆ ಅಂಟುವುದಿಲ್ಲವಲ್ಲ, ಕೂತೆವು. ಬಿಸಿ ಅನ್ನ ಬಿದ್ದು ಎಲೆ ಬಾಡಿದ ವಾಸನೆಗೆ ನನಗೆ ಇಕಾಮಾ ಮರೆತೇ ಹೋಯಿತು.

ಮೂರು ತುತ್ತು ತಿಂದಿರಬೇಕು. ತೋಟದ ಯಜಮಾನ ಬಂದರು. ಉದ್ದನೆಯ ಅಂಗಿಯನ್ನು ಸೊಂಟಕ್ಕೆ ಎತ್ತಿ ಕಟ್ಟಿಕೊಂಡ, ಬಿಳಿ ಗಡ್ಡದ ಮುದುಕರು, ಕೈಯಲ್ಲಿ ಗುದ್ದಲಿ. ನಮ್ಮ ಮುಂದೆ ನಿಂತು ಒಮ್ಮೆ ಎಲೆ ನೋಡಿದರು, ಒಮ್ಮೆ ಅನ್ನ ನೋಡಿದರು. ಮುಖ ಕೆಂಪಾಯಿತು. ಗಂಡನಿಗೆ ಆಫೀಸಿನ ಅರೇಬಿಕ್ ಚೆನ್ನಾಗಿ ಬರುತ್ತದೆ, ಆದರೆ ಆಗ ಸಲಾಂ ಒಂದನ್ನೇ ಮೂರು ಸಲ ಹೇಳಿದರು. ಮುದುಕರು ಏನೋ ಜೋರಾಗಿ ಹೇಳಿ, ಗುದ್ದಲಿ ಅಲ್ಲೇ ಬಿಸಾಡಿ, ಬಿರಬಿರನೆ ಹೊರಟುಹೋದರು.

"ಎಂತ ಹೇಳಿದ್ದು?" ಎಂದೆ.

"ಇಲ್ಲೇ ಇರಿ, ಏಳಬೇಡಿ ಅಂದ್ರು. ಪೊಲೀಸಿಗೆ ಹೇಳಲಿಕ್ಕೆ ಹೋದದ್ದೇ."

ಎದ್ದು ಓಡೋಣವೆಂದರೆ ಮಾಮಿ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದರು. ಮುದುಕರು ಅಷ್ಟೇ ಬಿರುಸಾಗಿ ವಾಪಸು ಬಂದರು. ತಲೆಯ ಮೇಲೆ ಅಗಲವಾದ ಸ್ಟೀಲಿನ ತಟ್ಟೆ, ಅದರಲ್ಲಿ ಪಿಂಗಾಣಿ ಬಸಿಗಳ ರಾಶಿ, ಚಮಚಗಳು, ಒಂದು ಬಟ್ಟಲು ಖರ್ಜೂರ. ಹಿಂದೆ ಅವರ ಹೆಂಡತಿ, ಕೈಯಲ್ಲಿ ಕಾಫಿಯ ಫ್ಲಾಸ್ಕ್. ಮುದುಕರು ಏದುಸಿರು ಬಿಡುತ್ತಾ ಹೇಳಿದ್ದನ್ನು ಗಂಡ ನಮ್ಮ ಭಾಷೆಯಲ್ಲಿ ತಿಳಿಸಿದರು. ನನ್ನ ಜಾಗಕ್ಕೆ ಬಂದ ಅತಿಥಿಗಳು ತಟ್ಟೆಯಿಲ್ಲದೆ ಸೊಪ್ಪಿನ ಮೇಲೆ ಉಣ್ಣುವುದೇ? ಆಡಿನ ಹಾಗೆ? ಬಾಗಿಲು ತಟ್ಟಿ ಕೇಳಬಾರದಿತ್ತೇ? ಊರಿನವರು ನೋಡಿದರೆ ನನ್ನ ಮುಖ ಎಲ್ಲಿಡಲಿ?

ಗಂಡ ನಕ್ಕು ನಕ್ಕು ಕೆಮ್ಮಿದರು. ನಮ್ಮ ಕಡೆ ಹಬ್ಬ, ಮದುವೆ ಎಂದರೆ ಎಲೆಯ ಮೇಲೇ ಊಟ, ಇದು ಬಡತನವಲ್ಲ, ಗೌರವ ಎಂದು ವಿವರಿಸಿದರು. ಮುದುಕರಿಗೆ ಅರ್ಧ ನಂಬಿಕೆ ಬಂತು. ಉಳಿದರ್ಧ ಬರಲಿ ಎಂದು ಮಾಮಿ ತಲೆವಸ್ತ್ರ ಸರಿಮಾಡಿಕೊಂಡು ಇನ್ನೊಂದು ಎಲೆಯ ಮೇಲೆ ಅನ್ನ ಬಡಿಸಿ ಮಗನ ಕೈಯಲ್ಲಿ ಆ ಕಡೆಗೆ ಕಳಿಸಿದರು. ಗಂಡಸರಿಬ್ಬರೂ ಸ್ವಲ್ಪ ದೂರದಲ್ಲಿ ಕೂತು ಉಂಡರು. ಎಲೆಯ ಅಂಚಿನಿಂದ ಸಾರು ಹರಿದಾಗಲೆಲ್ಲ ಮುದುಕರು ಕೈ ಅಡ್ಡ ಹಿಡಿದು ತಡೆಯುತ್ತಾ, ಈ ತಟ್ಟೆಗೆ ಗೋಡೆಯೇ ಇಲ್ಲವಲ್ಲ ಎಂದು ನಗುತ್ತಿದ್ದರಂತೆ. ಅವರ ಹೆಂಡತಿ ಮಾಮಿಯ ಪಕ್ಕದಲ್ಲಿ ಕೂತು ಕೇದಗೆಯ ಗರಿಯೊಂದನ್ನು ಮುರಿದು ಕೊಟ್ಟರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಆದರೂ ಮಾತು ನಿಲ್ಲಲಿಲ್ಲ.

ಊಟವಾದ ಮೇಲೆ ಗಂಡ ಎದ್ದು ನಿಂತು, ದೂರ ಹೋಗಬೇಕು, ಹೊರಡುತ್ತೇವೆ ಎಂದರು. ಮುದುಕರು ಬೇಡ ಎಂದರು, ಮನೆಗೆ ಬರಲೇಬೇಕು. ಗಂಡ ಇನ್ನೊಮ್ಮೆ ಎಂದರು. ವಲ್ಲಾ, ಅಲ್ಲಾಹನಾಣೆ, ಮನೆಯಲ್ಲಿ ಕಾಫಿ ಕುಡಿಯದೆ ಹೋಗುವ ಹಾಗಿಲ್ಲ ಎಂದರು ಮುದುಕರು. ಗಂಡ ಕಾರಿನ ಬಾಗಿಲು ತೆಗೆದರು, ಮುದುಕರು ಬಂದು ಬಾಗಿಲು ಹಾಕಿದರು. ಗಂಡ ಗಡಿಯಾರ ತೋರಿಸಿದರು, ಮುದುಕರು ಅದರ ಮೇಲೆ ಅಂಗೈ ಮುಚ್ಚಿದರು. ಕೊನೆಗೆ ನನ್ನ ಮಗಳನ್ನು ಎತ್ತಿಕೊಂಡು, ತಿರುಗಿಯೂ ನೋಡದೆ ತಮ್ಮ ಮನೆಯ ಕಡೆ ನಡೆದೇಬಿಟ್ಟರು. ನನಗೆ ಕೋಪ ಬರುತ್ತಿತ್ತು, ಕತ್ತಲಾಗುವ ಮೊದಲು ಬೆಟ್ಟದ ಬದಿಯ ರಸ್ತೆ ದಾಟಬೇಕಲ್ಲ. ಮಾಮಿಯ ಮುಖ ನೋಡಿದರೆ ಅದು ಅರಳಿತ್ತು. ಮಕ್ಕಳ ಆಟ ನೋಡುವವರ ಹಾಗೆ ನಿಂತು, ಮುದುಕರ ಒಂದೊಂದು ಒತ್ತಾಯಕ್ಕೂ ತಲೆ ಅಲ್ಲಾಡಿಸುತ್ತಿದ್ದರು. "ಇವನಿಗೆ ಗೊತ್ತುಂಟು" ಎಂದರು. ಏನು ಗೊತ್ತುಂಟು ಎಂದು ನಾನು ಕೇಳಲಿಲ್ಲ.

ಅವರ ಮನೆಯಲ್ಲಿ ಕಾಫಿ ಕುಡಿದು, ಬಾಳೆಹಣ್ಣಿನ ಚಿಪ್ಪುಗಳನ್ನು ಹೊತ್ತುಕೊಂಡು ಹೊರಟಾಗ ಬಿಸಿಲು ಹಳದಿಯಾಗಿತ್ತು. ಕಾರು ಮುಖ್ಯ ರಸ್ತೆಗೆ ಬಂತು. ನಾನು ಹಿಂದಿನ ಸೀಟಿನಲ್ಲಿ ಮಾಮಿಯ ಪಕ್ಕ ಕೂತು, ಅವರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಇಷ್ಟು ಚಂದದ ದೇಶ, ಇನ್ನೊಂದಿಷ್ಟು ದಿನ ಇರ್ತೇನೆ ಎಂಬ ಮಾತು ಬರಲಿಲ್ಲ. ಅವರು ಕಿಟಕಿಯಿಂದಾಚೆ ನೋಡುತ್ತಾ ಕೂತೇ ಇದ್ದರು.

"ಉಮ್ಮ, ತಲೆ ತಿರುಗ್ತದಾ?" ಎಂದರು ಗಂಡ.

"ಆ ಮುದುಕನಿಗೆ ನಾನು ಯಾರು ಮಗಾ?" ಮಾಮಿಯ ಧ್ವನಿ ಬೇರೆಯೇ ಆಗಿತ್ತು. "ಅವನ ತೋಟದ ಎಲೆ ಕೊಯ್ದವಳು. ಮುಖ ಪರಿಚಯ ಇಲ್ಲ. ಅವನು ಕಾರಿಗೆ ಅಡ್ಡ ನಿಂತ. ನಾನು ಹೊರಡ್ತೇನೆ, ಹೊರಡ್ತೇನೆ ಅಂತ ಹೇಳಲಿಕ್ಕೆ ಶುರು ಮಾಡಿ ಎಷ್ಟು ದಿನ ಆಯ್ತು? ನೀವಿಬ್ಬರು ಎಂತ ಹೇಳಿದ್ರಿ? ನಿಮ್ಮ ಇಷ್ಟ. ಟಿಕೆಟ್ ಸಿಗ್ತದೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ನನ್ನ ತಂಗಿ ದುಬೈಯಿಂದ ಹೊರಟಾಗ ಅವಳ ಸೊಸೆ ಪಾಸ್‌ಪೋರ್ಟನ್ನೇ ಅಡಗಿಸಿಟ್ಟಳು. ಅದನ್ನು ತಂಗಿ ಇವತ್ತಿಗೂ ಊರಲ್ಲಿ ಮನೆ ಮನೆಗೆ ಹೇಳ್ತಾಳೆ. ನಾನು ಹೋಗಿ ಎಂತ ಹೇಳಲಿ? ಮಂಗ ತೋರಿಸಿದ್ರು, ಗೋಡೆ ತೋರಿಸಿದ್ರು, ಇರಿ ಅಂತ ಮಾತ್ರ ಹೇಳ್ಲಿಲ್ಲ ಅಂತಲಾ?"

ನನ್ನ ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು. ನಮ್ಮೂರಿನಲ್ಲಿ ನೆಂಟರು ಹೊರಡುತ್ತೇನೆ ಎಂದರೆ ಅದು ಹೊರಡುವ ಮಾತೇ ಅಲ್ಲ. ಚೀಲ ಕಿತ್ತಿಟ್ಟುಕೊಳ್ಳಬೇಕು, ಛತ್ರಿ ಅಡಗಿಸಬೇಕು, ಇವತ್ತು ಬೇಡ ನಾಳೆ ಎನ್ನಬೇಕು. ನಾನು ಹುಟ್ಟಿದಂದಿನಿಂದ ನೋಡಿದ್ದು ಅದನ್ನೇ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೂರು ಅಲೆದವರು ನಾವು.

ಗಂಡ ಮುಂದೆ ಸಿಕ್ಕಿದ ಪೆಟ್ರೋಲ್ ಪಂಪಿನ ಬದಿಯಲ್ಲಿ ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿದರು. "ಉಮ್ಮ, ಇವಳಿಗೆ ಸ್ಕೂಲಲ್ಲಿ ಕೆಲಸ ಸಿಕ್ಕಿದೆ. ಮಗು ನೋಡಿಕೊಳ್ಳಲಿಕ್ಕೆ ಇರಿ ಅಂತ ಹೇಳಿದ್ರೆ ನಿಮ್ಮನ್ನು ಆಯಾ ಮಾಡಿದ ಹಾಗೆ ಆಗ್ತದೆ ಅಂತ ಹೆದರಿ..."

"ಮೊಮ್ಮಗಳನ್ನು ಎತ್ತಿಕೊಳ್ಳುವುದು ಆಯಾ ಕೆಲಸವಾ? ಯಾವನು ಹೇಳಿದ್ದು?" ಮಾಮಿ ಗದರಿದರು. ಕೆಲಸದ ಸುದ್ದಿಗೆ ಒಮ್ಮೆ ನನ್ನ ಕಡೆ ನೋಡಿದರು, ಕಣ್ಣು ಮಿಂಚಿತು. ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಆದ್ರೂ ನಾನು ಹೋಗಬೇಕು. ಅಲ್ಲಿ ಎಲ್ಲರೂ ಕಾಯ್ತಾರೆ" ಎಂದರು.

"ಹಾಗಾದ್ರೆ ನಿಮ್ಮ ಇ..." ಎಂದು ಗಂಡ ಶುರು ಮಾಡಿದರು. ನಾನು ಸೀಟಿನ ಸಂದಿಯಿಂದ ಕೈ ಹಾಕಿ ಸರಿಯಾಗಿ ಚಿವುಟಿದೆ.

"ಹೋಗ್ಲಿಕ್ಕೆ ಬಿಡುವುದಿಲ್ಲ ಮಾಮಿ" ಎಂದೆ.

"ಇಲ್ಲ ಮಗಳೇ, ಹೊರಡ್ತೇನೆ."

"ಎಂತ ಹೊರಡುವುದು? ನಾನು ಬಾಗಿಲಿಗೆ ಅಡ್ಡ ಮಲಗ್ತೇನೆ. ನನ್ನನ್ನು ದಾಟಿ ಹೋಗಿ." ಹೇಳುತ್ತಾ ಹೇಳುತ್ತಾ ಮಾಮಿಯ ಕೈ ಹಿಡಿದುಕೊಂಡೆ. ಶಾಸ್ತ್ರಕ್ಕೆಂದು ಶುರು ಮಾಡಿದ ಮಾತು ಮಧ್ಯದಲ್ಲಿ ನಿಜವಾಗಿಬಿಟ್ಟಿತ್ತು. ಕೆಲಸ ಇರಲಿ ಬಿಡಲಿ, ಈ ಹೆಂಗಸು ಇಲ್ಲದ ಮನೆಯನ್ನು ನೆನೆಸಿಕೊಳ್ಳಲಿಕ್ಕೇ ನನಗೆ ಆಗಲಿಲ್ಲ. "ನೀವು ಬೇಕು ಮಾಮಿ ನಮಗೆ" ಎಂದೆ.

ಮಾಮಿ ನಿಟ್ಟುಸಿರು ಬಿಟ್ಟರು. "ಇಷ್ಟು ಹೇಳ್ತೀರಲ್ಲ, ಮತ್ತೆ ಹೇಗೆ ಹೋಗುವುದು?"

ಮರುಕ್ಷಣವೇ ಫೋನ್ ತೆಗೆದು ಊರಿನ ಮಗಳಿಗೆ ಹಚ್ಚಿದರು. ಪಂಪಿನಲ್ಲಿ ಲಾರಿಗೆ ಡೀಸೆಲ್ ತುಂಬಿಸುತ್ತಿದ್ದವರೂ ತಿರುಗಿ ನೋಡುವಷ್ಟು ಜೋರಾಗಿ ಮಾತು. "ನಾನು ಈಗ ಬರುವುದಿಲ್ಲ ಮಗಳೇ. ಎಂತ ಮಾಡುವುದು, ಇವರು ಬಿಡುವುದೇ ಇಲ್ಲ! ನಿನ್ನ ಅಣ್ಣ ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಕಣ್ಣೀರು ಹಾಕಿದ. ಹೌದು ಮತ್ತೆ! ಚಿಕ್ಕಮ್ಮನಿಗೂ ಹೇಳು."

ಗಂಡ ಕಣ್ಣೀರು ಹಾಕಿರಲಿಲ್ಲ. ಆದರೆ ಆಗ ಕನ್ನಡಿಯಲ್ಲಿ ನೋಡಿದರೆ, ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು.

ಮಾಮಿ ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ತಮ್ಮ ಕೈಚೀಲದ ಜಿಪ್ ಎಳೆದರು. ಒಳಗಿನಿಂದ ಪಾಸ್‌ಪೋರ್ಟ್ ತೆಗೆದು ನನ್ನ ಮಡಿಲಿಗೆ ತುರುಕಿದರು. ಬೇಗ ಒಳಗಿಡು ಎಂದು ಕಣ್ಣಿನಲ್ಲೇ ಸನ್ನೆ ಮಾಡಿ, ಫೋನಿಗೆ ಹೇಳಿದರು: "ಇನ್ನು ನಾನು ಬರ್ತೇನೆ ಅಂದ್ರೂ ಆಗುವುದಿಲ್ಲ ಮಗಳೇ. ಪಾಸ್‌ಪೋರ್ಟನ್ನೇ ಅಡಗಿಸಿಟ್ಟಿದ್ದಾಳೆ ನನ್ನ ಸೊಸೆ."